ಕುತ್ತಿಗೆಯ ನರ ಅದುಮಿದಾಗ: ಆಪರೇಷನ್ ಮಾಡಿಸಬೇಕೇ, ಕಾಯಬೇಕೇ?

ಮಕ್ಕಳ ತರಗತಿ ಮುಗಿಯುವವರೆಗೆ ಹೊರಗೆ ನಿಂತು ಹರಟುವ ನಮ್ಮ ಪೋಷಕರಲ್ಲಿ ಈಗೀಗ ಮಾರ್ಟ್‌ಗೇಜಿಗಿಂತ ಕುತ್ತಿಗೆ ನೋವಿನ ಮಾತೇ ಹೆಚ್ಚು. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುವವರು, ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿಳಿಸುವವರು ಎಲ್ಲರೂ ಇದ್ದಾರೆ. ಯಾರಿಗಾದರೂ ಸ್ಕ್ಯಾನ್ ವರದಿಯಲ್ಲಿ 'ನರ ಅದುಮಿದೆ' ಎಂದು ಬಂತೆಂದರೆ ಸಲಹೆಗಳಿಗೆ ಬರವಿಲ್ಲ. ಒಬ್ಬರು "ಆಪರೇಷನ್ ಮಾತ್ರ ಬೇಡ" ಎನ್ನುತ್ತಾರೆ, ಇನ್ನೊಬ್ಬರು "ಊರಿಗೆ ಹೋದಾಗ ಮಾಡಿಸಿಬಿಡಿ" ಎನ್ನುತ್ತಾರೆ. ಇಬ್ಬರೂ ವರದಿ ಓದಿರುವುದಿಲ್ಲ!

ಮೊದಲು ಮಕ್ಕಳಿಗೆ ಅರ್ಥವಾಗುವಂತೆ ವಿಷಯ ಹೇಳಿಬಿಡೋಣ. ಅಜ್ಜನ ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ, ಜಿರಾಫೆಯ ಕುತ್ತಿಗೆಯಲ್ಲೂ ಏಳೇ. ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಇರುವುದು ಡಿಸ್ಕ್. ಹೋಳಿಗೆಯನ್ನು ನೆನಪಿಸಿಕೊಳ್ಳಿ: ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಹರಿದು ಹೂರಣ ಹೊರಬಂದರೆ ಪಕ್ಕದಲ್ಲೇ ಹಾದುಹೋಗುವ ನರದ ಬೇರನ್ನು ಅದು ಒತ್ತುತ್ತದೆ. ವಯಸ್ಸಾದವರಲ್ಲಿ ಹೂರಣಕ್ಕಿಂತ ಹೆಚ್ಚಾಗಿ ಮೂಳೆಯ ಅಂಚು ಬೆಳೆದು ನರದ ದಾರಿಯನ್ನು ಕಿರಿದು ಮಾಡುತ್ತದೆ. ತಮಾಷೆಯೆಂದರೆ, ತೊಂದರೆ ಕುತ್ತಿಗೆಯಲ್ಲಿದ್ದರೂ ದೂರು ಬರುವುದು ಕೈಯಿಂದ. ಕುತ್ತಿಗೆಯಿಂದ ಎಂಟು ಜೋಡಿ ನರಗಳು ಹೊರಡುತ್ತವೆ. ಆರನೆಯದು ಅದುಮಿದರೆ ಹೆಬ್ಬೆರಳ ಕಡೆಗೆ ಜೋಮು, ಏಳನೆಯದಾದರೆ ನಡುಬೆರಳಿಗೆ, ಎಂಟನೆಯದಾದರೆ ಕಿರುಬೆರಳಿಗೆ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವುದು ಏಳನೆಯದು. ಹಾಗೆಂದು ಬೆರಳು ನೋಡಿ ನೀವೇ ತೀರ್ಮಾನಿಸಬೇಡಿ, ಮಣಿಕಟ್ಟಿನಲ್ಲೋ ಮೊಣಕೈಯಲ್ಲೋ ನರ ಸಿಕ್ಕಿಕೊಂಡರೂ ಇದೇ ತರಹದ ಜೋಮು ಬರುತ್ತದೆ.

ಈಗ ದೊಡ್ಡವರ ಪಾಠ. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಓದಿದ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಅಂಥವರು ಜಪಾನಿನ ನಗೋಯಾದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಿಳಿದಿರಬೇಕು. ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿ ನೋಡಿದರೆ 87.6 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿತ್ತು. ಅವರೆಲ್ಲ ನೆಮ್ಮದಿಯಾಗಿ ಓಡಾಡಿಕೊಂಡಿದ್ದವರು. ಆದ್ದರಿಂದ ಚಿತ್ರ ಒಂದೇ ಸಾಲದು. ಚಿತ್ರದಲ್ಲಿ ಕಂಡ ನರ, ಕೈಯಲ್ಲಿ ನೋಯುವ ಜಾಗ, ವೈದ್ಯರು ಪರೀಕ್ಷಿಸಿದಾಗ ಸಿಕ್ಕ ದೌರ್ಬಲ್ಯ ಮೂರೂ ಒಂದೇ ಕಥೆ ಹೇಳಬೇಕು. ಹೇಳದಿದ್ದರೆ ಕತ್ತಿ ಹಿಡಿಯುವ ಮಾತು ಎತ್ತುವುದೇ ಅವಸರ.

ಕಾಯ್ದರೆ ಏನಾಗುತ್ತದೆ? ಅಮೆರಿಕದ ರಾಚೆಸ್ಟರ್‌ನಲ್ಲಿ 1976ರಿಂದ 1990ರವರೆಗೆ ಈ ತೊಂದರೆ ಬಂದ 561 ಜನರ ದಾಖಲೆಗಳನ್ನು ಜಾಲಾಡಿ 1994ರಲ್ಲಿ ಒಂದು ಪ್ರಸಿದ್ಧ ಲೇಖನ ಬಂತು. ಅದರ ಮೊದಲ ಲೇಖಕರು ಮುಂದೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ರಾಧಾಕೃಷ್ಣನ್, ನಮ್ಮ ಪಕ್ಕದ ರಾಜ್ಯದವರು ಎಂಬುದೊಂದು ಸಂತೋಷ. ಆ ಜನರಲ್ಲಿ ಸುಮಾರು ಕಾಲು ಭಾಗ, ಅಂದರೆ 26 ಶೇಕಡಾ ಮಂದಿ, ಆಪರೇಷನ್ ಮಾಡಿಸಿಕೊಂಡಿದ್ದರು. ಆದರೆ ಕೊನೆಯ ಬಾರಿ ವಿಚಾರಿಸಿದಾಗ ಒಟ್ಟು 90 ಶೇಕಡಾ ಜನರಿಗೆ ತೊಂದರೆ ಇರಲೇ ಇಲ್ಲ, ಅಥವಾ ಅಲ್ಪಸ್ವಲ್ಪವಷ್ಟೇ ಇತ್ತು. ಹೊರಬಂದ ಹೂರಣವನ್ನು ದೇಹವೇ ಎಷ್ಟೋ ಸಲ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ.

ಆಪರೇಷನ್‌ಗೂ ವ್ಯಾಯಾಮಕ್ಕೂ ಪಂದ್ಯ ಹಚ್ಚಿ ನೋಡಿದವರು ಸ್ವೀಡನ್ನಿನವರು. 1997ರ ಅಧ್ಯಯನದಲ್ಲಿ 81 ಜನರನ್ನು ಚೀಟಿ ಎತ್ತಿದಂತೆ ಹಂಚಿ ಕೆಲವರಿಗೆ ಆಪರೇಷನ್, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಕುತ್ತಿಗೆ ಪಟ್ಟಿ ಕೊಟ್ಟರು. ಮೂರ್ನಾಲ್ಕು ತಿಂಗಳಲ್ಲಿ ಆಪರೇಷನ್ ಆದವರ ನೋವು ಹೆಚ್ಚು ಇಳಿದಿತ್ತು. ವರ್ಷ ದಾಟುವಷ್ಟರಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಅದೇ ದೇಶದ ಇನ್ನೊಂದು ಸಣ್ಣ ಅಧ್ಯಯನ 5ರಿಂದ 8 ವರ್ಷಗಳ ನಂತರ ನೋಡಿದಾಗ ಆಪರೇಷನ್ ಜೊತೆಗೆ ವ್ಯಾಯಾಮವನ್ನೂ ಮಾಡಿದವರು ಸ್ವಲ್ಪ ಮುಂದಿದ್ದರು. ನನಗೆ ಇದರಿಂದ ತೋರುವುದಿಷ್ಟು: ಕೇವಲ ನೋವಿಗಾಗಿ ಆಪರೇಷನ್ ಎಂದರೆ ಮುಖ್ಯವಾಗಿ ಬೇಗ ಸಿಗುವ ನೆಮ್ಮದಿಯನ್ನು ಕೊಳ್ಳುವುದು. ಆರು ತಿಂಗಳು ನಿದ್ದೆಯಿಲ್ಲದೆ ಒದ್ದಾಡಿದವರಿಗೆ ಆ 'ಬೇಗ' ಬಹಳ ಬೆಲೆಯುಳ್ಳದ್ದು. "ಸ್ವಲ್ಪ ಸಹಿಸಿಕೊಳ್ಳಿ" ಎಂದು ಪಕ್ಕದಲ್ಲಿ ಕೂತು ಹೇಳುವವರಿಗೆ ಅದು ತಿಳಿಯುವುದಿಲ್ಲ.

ಆದರೆ ಕಾಯಲೇಬಾರದ ಸಂದರ್ಭಗಳಿವೆ, ಇವನ್ನು ಮನೆಮಂದಿಯೆಲ್ಲ ತಿಳಿದಿರಿ. ಅದುಮಿರುವುದು ಬದಿಯ ನರವಲ್ಲ, ನಡುವಿನ ಬೆನ್ನುಹುರಿ ಎಂದಾದರೆ ಲೆಕ್ಕವೇ ಬೇರೆ. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಅಕ್ಷರ ಕೆಡುವುದು, ಕೈಯಿಂದ ಲೋಟ ಜಾರುವುದು, ನಡೆಯುವಾಗ ಕಾಲು ತೊಡರುವುದು ಇವೆಲ್ಲ ಅದರ ಗುರುತುಗಳು. ನೋವೇ ಇಲ್ಲದಿರಬಹುದು, ಅದೇ ಮೋಸ. ಕೈಯ ಬಲ ದಿನದಿನಕ್ಕೆ ಕುಗ್ಗುತ್ತಿದ್ದರೂ ತಡಮಾಡದೆ ಜಿಪಿಗೆ ತಿಳಿಸಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ಕಾಲುಗಳ ಬಲ ಇದ್ದಕ್ಕಿದ್ದಂತೆ ಹೋದರೆ ನೇರ ತುರ್ತು ವಿಭಾಗಕ್ಕೆ.

ಆಪರೇಷನ್ ಹೇಗೆ ಮಾಡುತ್ತಾರೆ? ಬಹುಪಾಲು ಕುತ್ತಿಗೆಯ ಮುಂಭಾಗದಿಂದ. ಅಮೆರಿಕದ ವೈದ್ಯರು 1950ರ ದಶಕದಲ್ಲಿ ರೂಪಿಸಿದ ಕ್ರಮವಿದು: ಡಿಸ್ಕ್ ತೆಗೆದು, ಮೇಲಿನ ಕೆಳಗಿನ ಮೂಳೆಗಳನ್ನು ಬೆಸೆಯುವುದು. ಕೆಲದಿನ ಧ್ವನಿ ಒಡೆಯಬಹುದು, ನುಂಗಲು ಕಷ್ಟವಾಗಬಹುದು, ಸಾಮಾನ್ಯವಾಗಿ ಸರಿಹೋಗುತ್ತದೆ. ಬೆಸೆದ ಜಾಗ ಅಲುಗದ ಕಾರಣ ಅಕ್ಕಪಕ್ಕದ ಕೀಲುಗಳಿಗೆ ಹೊರೆ ಹೆಚ್ಚು ಎನ್ನುತ್ತಾರೆ. 1999ರ ಒಂದು ವರದಿಯ ಅಂದಾಜಿನಂತೆ ಹತ್ತು ವರ್ಷಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಪಕ್ಕದ ಮಟ್ಟದಲ್ಲಿ ಹೊಸ ತೊಂದರೆ ಬರುತ್ತದೆ. ಬೆಸೆಯುವ ಬದಲು ಕೃತಕ ಡಿಸ್ಕ್ ಇಡುವುದೂ ಉಂಟು. ಹಿಂಭಾಗದಿಂದ ನರದ ಕಿಂಡಿಯನ್ನು ಮಾತ್ರ ಅಗಲಿಸುವುದೂ ಉಂಟು. ಮುಂದಿನಿಂದಲೋ ಹಿಂದಿನಿಂದಲೋ, ಯಾವುದು ಮೇಲು ಎಂದು ನೋಡಲು ನಮ್ಮ ಉತ್ತರದ ಲೀಡ್ಸ್‌ನವರು ಫೋರ್‌ವ್ಯಾಡ್ ಎಂಬ ಅಧ್ಯಯನಕ್ಕೆ ಇಳಿದರು. ಬೇಕಾಗಿದ್ದವರು 252 ರೋಗಿಗಳು. ಕೋವಿಡ್ ಕಾಲದಲ್ಲಿ ಅದು ನಿಂತಾಗ ಸೇರಿದ್ದವರು 23 ಮಾತ್ರ. ಹಾಗಾಗಿ "ಇದೇ ಶ್ರೇಷ್ಠ" ಎಂದು ಯಾರಾದರೂ ಮೇಜು ಗುದ್ದಿ ಹೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಕೊವೆಂಟ್ರಿಯಲ್ಲಿ ದಾರಿ ಆರಂಭವಾಗುವುದು ಜಿಪಿ ಮತ್ತು ಫಿಸಿಯೋ ಬಳಿ. ಬೇಕಾದರೆ ಮುಂದೆ ವಾಲ್ಸ್‌ಗ್ರೇವ್‌ನ ಯೂನಿವರ್ಸಿಟಿ ಹಾಸ್ಪಿಟಲ್ ಇದೆ, ಅಲ್ಲಿಯೇ ನರಶಸ್ತ್ರಚಿಕಿತ್ಸಾ ವಿಭಾಗವೂ ಇದೆ. ವೈದ್ಯರ ಮುಂದೆ ತಲೆಯಾಡಿಸಿ ಬರುವ ನಮ್ಮವರ ಅಭ್ಯಾಸ ಇಲ್ಲಿ ಬೇಕಿಲ್ಲ. 2015ರಲ್ಲಿ ಈ ದೇಶದ ಸುಪ್ರೀಂ ಕೋರ್ಟ್ ಮಾಂಟ್‌ಗೊಮರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ರೋಗಿಗೆ ಮುಖ್ಯವೆನಿಸುವ ಅಪಾಯಗಳನ್ನೂ ಬೇರೆ ಚಿಕಿತ್ಸೆಗಳನ್ನೂ ತಿಳಿಸುವುದು ವೈದ್ಯರ ಕರ್ತವ್ಯ ಎಂದಿತು. ಹಾಗಾಗಿ ಕೇಳಿ: ಏನೂ ಮಾಡದಿದ್ದರೆ ಏನಾಗುತ್ತದೆ? ಆಪರೇಷನ್ ನೋವಿಗೋ, ಬಲಕ್ಕೋ, ಜೋಮಿಗೋ? ಕೈನೋವಿಗೆ ಅದು ಕೊಡುವ ಉಪಕಾರ ಬರಿ ಕುತ್ತಿಗೆ ನೋವಿಗೆ ಸಿಗುವುದು ಕಡಿಮೆ. ಹಾಡುವವರಾದರೆ ಧ್ವನಿಯ ವಿಷಯವನ್ನು ತಪ್ಪದೆ ಕೇಳಿ.

'ಊರಿನಲ್ಲಿ ಮಾಡಿಸುವುದು' ನಮ್ಮಂಥವರಿಗಷ್ಟೇ ಇರುವ ಆಯ್ಕೆ. ಬೆಂಗಳೂರಿನಲ್ಲಿ ನುರಿತವರಿಗೆ ಕೊರತೆಯಿಲ್ಲ, ಅಮ್ಮನ ಕೈಯ ಸಾರೂ ಸಿಗುತ್ತದೆ. ನನ್ನ ಅಳುಕು ಇರುವುದು ಕ್ಯಾಲೆಂಡರಿನ ಬಗ್ಗೆ. ಬೇಸಿಗೆ ರಜೆ ಆರು ವಾರ, ಟಿಕೆಟ್ ಆಗಲೇ ಬುಕ್ ಆಗಿದೆ ಎಂದಾಗ ತೀರ್ಮಾನ ಮಾಡುವುದು ನರವೋ, ವಿಮಾನವೋ? ಹೋಗುವುದಾದರೆ ಹಿಂತಿರುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಜಿಪಿ ಬಳಿ ಮೊದಲೇ ಮಾತಾಡಿ. ಸ್ಕ್ಯಾನ್ ಪ್ರತಿ, ಆಪರೇಷನ್ ಟಿಪ್ಪಣಿ, ಒಳಗಿಟ್ಟ ಪ್ಲೇಟಿನ ವಿವರ ಎಲ್ಲವನ್ನೂ ಬರಹದಲ್ಲಿ ತನ್ನಿ. ಹಾಂ, ಕ್ಷೌರದ ಅಂಗಡಿಯಲ್ಲಿ ಕುತ್ತಿಗೆ ತಿರುವಿ ಲಟಿಕೆ ತೆಗೆಸುವುದು ಮಾತ್ರ ಬೇಡವೇ ಬೇಡ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳೂ ಇವೆ.

ಇನ್ನು ಮಕ್ಕಳ ಪಾಲಿನ ಮಾತು. ಇಲ್ಲಿಗೆ ಬಂದ ಅಜ್ಜಿಯನ್ನು ವೈದ್ಯರ ಬಳಿ ಕರೆದೊಯ್ದಾಗ ಅನುವಾದಕ್ಕೆ ನಿಮ್ಮನ್ನು ಕೂರಿಸುತ್ತಾರಲ್ಲ, ಅದು ನಿಮ್ಮ ಕೆಲಸವಲ್ಲ. ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಎಂಬುದೇ ಎನ್‌ಎಚ್‌ಎಸ್ ನಿಲುವು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಅಪ್ಪ ಅಮ್ಮ ಕೇಳಬಹುದು. ನೀವು ಮಾಡಬಹುದಾದದ್ದು ಬೇರೆ ಇದೆ: ಅಜ್ಜಿ ಬಳಸುವ ಪದಗಳನ್ನು ಮನೆಯಲ್ಲೇ ಬರೆದುಕೊಳ್ಳಿ. ಜೋಮು ಹಿಡಿಯುವುದು ಬೇರೆ, ಮರಗಟ್ಟುವುದು ಬೇರೆ. ಚಳುಕು, ಸೆಳೆತ, ಉರಿ ಒಂದೊಂದೂ ಬೇರೆ. "ಕೈ ಸೋಲುತ್ತೆ" ಎಂದಾಗ ದಣಿವೋ, ಬಲವೇ ಇಲ್ಲವೋ ಎಂದು ಕೇಳಿ ನೋಡಿ. ಯಾವ ಬೆರಳು, ದಿನದ ಯಾವ ಹೊತ್ತು, ತಲೆ ಯಾವ ಕಡೆ ವಾಲಿಸಿದರೆ ಹೆಚ್ಚು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆ ಹಾಳೆಯನ್ನು ದುಭಾಷಿಯ ಕೈಗೆ ಕೊಟ್ಟರೆ ಸಾಕು.