ಸ್ಪೋರ್ಟ್ಸ್ ಕಾರಿಗೆ ಸ್ಪೋಕ್ಸ್ ಚಕ್ರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಯಾವ ಊರಿನ ಸೈಕಲ್ ಶಾಪಿನಲ್ಲಾದರೂ ರಿಮ್ ಬೆಂಡ್ ತೆಗೆಯುವುದು ನಿತ್ಯದ ಕೆಲಸ. ಚಕ್ರ ತಿರುಗಿಸಿ, ರಿಮ್ ವಾಲಿದ ಕಡೆಯ ಸ್ಪೋಕ್ಸ್ ತುಸು ಸಡಿಲಿಸಿ, ಎದುರು ಬದಿಯದನ್ನು ಬಿಗಿಯುತ್ತಾರೆ. ಎಂ.ಜಿ., ಟ್ರಯಂಫ್, ಜಾಗ್ವಾರ್‌ನಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸ್ಪೋಕ್ಸ್ ಚಕ್ರ ನಿಂತಿರುವುದೂ ಇದೇ ವಿದ್ಯೆಯ ಮೇಲೆ.

ಈ ನಂಟಿಗೆ ಕಾರಣವಿದೆ. ಹಬ್ಬಿನಿಂದ ಓರೆಯಾಗಿ ಹೊರಡುವ ಸ್ಪೋಕ್ಸ್ ಜೋಡಣೆಗೆ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದದ್ದು ಸೈಕಲ್ಲಿಗಾಗಿ. ನಡುವಿನ ಒಂದೇ ನಟ್ ಬಿಚ್ಚಿದರೆ ಕೈಗೆ ಬರುವ ಕಾರಿನ ಚಕ್ರವನ್ನು ಬಳಕೆಗೆ ತಂದ ರಡ್ಜ್-ವಿಟ್‌ವರ್ತ್ ಕೂಡ ಸೈಕಲ್ ಕಂಪನಿಯೇ.

ತೆಳುವಾದ ತಂತಿಯನ್ನು ಒತ್ತಿದರೆ ಬಾಗುತ್ತದೆ. ಎಳೆದರೆ ಭಾರ ತಾಳುತ್ತದೆ. ಅದಕ್ಕೇ ಪ್ರತಿ ಸ್ಪೋಕನ್ನೂ ಮೊದಲೇ ಬಿಗಿದಿರುತ್ತಾರೆ. 1962ರಲ್ಲಿ ಬಂದ ಎಂ.ಜಿ.ಬಿ. ಮಾದರಿಯ ಸ್ಪೋಕ್ಸ್ ಚಕ್ರಕ್ಕೆ 60, ಜಾಗ್ವಾರ್ ಇ-ಟೈಪ್‌ಗೆ 72 ಸ್ಪೋಕ್ಸ್. ಪಳಗಿದ ಕೈ ಒಂದೊಂದನ್ನೂ ತಟ್ಟಿ ಸದ್ದು ಕೇಳುತ್ತದೆ. ಬಿಗಿಯಾಗಿದ್ದರೆ ಟಣ್ ಎನ್ನುತ್ತದೆ, ಸಡಿಲವಾಗಿದ್ದರೆ ಮಂಕಾಗಿ ಕೇಳಿಸುತ್ತದೆ.

ತಗಡಿನ ಚಕ್ರವಿದ್ದ ಕಾರಿಗೆ ಸ್ಪೋಕ್ಸ್ ಚಕ್ರ ಹಾಕಿಸಬೇಕೆಂದರೆ ಹಬ್ ಬದಲಾಗಬೇಕು. ಹೊಸ ಹಬ್ಬಿನ ಮೈತುಂಬ ಉದ್ದುದ್ದ ಹಲ್ಲುಗಳು. ಚಕ್ರದ ಒಳಗಿನ ಹಲ್ಲು ಅವಕ್ಕೆ ಕಚ್ಚಿಕೊಳ್ಳುತ್ತದೆ. ಎಂಜಿನ್ನಿನ ಎಳೆತ, ಬ್ರೇಕಿನ ಹಿಡಿತ ಎರಡೂ ಆ ಹಲ್ಲುಗಳ ಮೇಲೆಯೇ. ಹಳೆಯ ಬೋಲ್ಟುಗಳಿಗೇ ಅಡಾಪ್ಟರ್ ಕೂರಿಸುವ ಸುಲಭದ ದಾರಿಯೂ ಉಂಟು. ಆದರೆ ಎಂ.ಜಿ.ಬಿ.ಯಲ್ಲಿ ಅದರಿಂದ ಹಿಂದಿನ ಚಕ್ರ ಹೊರಚಾಚಿ, ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಸ್ಪೋಕ್ಸ್ ಚಕ್ರಕ್ಕೆಂದೇ ಕಂಪನಿ ಮಾಡಿದ ಹಿಂದಿನ ಆಕ್ಸಲ್ ಅಗಲದಲ್ಲಿ ಕಡಿಮೆ. ಅದನ್ನೇ ಹಾಕುವುದು ಸರಿ. ಪೂರ್ತಿ ರಿಪೇರಿಗೆಂದು ಆಕ್ಸಲ್ ಕೆಳಗಿಳಿದಿರುವಾಗ ಈ ಕೆಲಸ ಮುಗಿಸಿಕೊಂಡರೆ ಮತ್ತೊಮ್ಮೆ ಬಿಚ್ಚುವುದು ತಪ್ಪುತ್ತದೆ.

ನಡುವಿನ ನಟ್ಟಿನ ಮರೆಯಲ್ಲೂ (ಥ್ರೆಡ್ಡಿನಲ್ಲೂ) ಜಾಣ್ಮೆಯಿದೆ. ಕಾರಿನ ಎಡಗಡೆ ಬಲಮರೆ, ಬಲಗಡೆ ಎಡಮರೆ. ಹಾಗಾಗಿ ಕಾರು ಮುಂದೆ ಓಡುವಾಗ ನಟ್ ಬಿಗಿಯಾಗುತ್ತಲೇ ಹೋಗುತ್ತದೆ. ಹಬ್ಬುಗಳನ್ನು ಅದಲುಬದಲು ಮಾಡಿದರೆ ಅದೇ ನಟ್ ಸಡಿಲವಾಗಿ ಚಕ್ರವೇ ಕಳಚೀತು. ಹಲ್ಲುಗಳಿಗೆ ಗ್ರೀಸ್ ಹಚ್ಚಬೇಕು. ಸ್ಪೋಕ್ಸ್ ಬಿಗಿಯುವ ನಿಪ್ಪಲ್‌ಗಳು ರಿಮ್ಮನ್ನು ತೂರಿಕೊಂಡು ಬರುವುದರಿಂದ ಗಾಳಿ ಸೋರುತ್ತದೆ. ಒಳಗೆ ಟ್ಯೂಬ್ ಬೇಕೇ ಬೇಕು. ಟ್ಯೂಬಿಗೆ ಚುಚ್ಚದಂತೆ ಸ್ಪೋಕಿನ ತುದಿಗಳನ್ನು ಅರದಿಂದ ಉಜ್ಜಿ, ಮೇಲೆ ರಬ್ಬರ್ ಪಟ್ಟಿ ಸುತ್ತಬೇಕು. ಕಾರು ಹೊರಡುವಾಗಲೋ ಬ್ರೇಕ್ ಒತ್ತಿದಾಗಲೋ ಟಕ್ ಎಂದರೆ ಹಲ್ಲು ಸವೆದಿದೆಯೇ ಎಂದು ಬಿಚ್ಚಿ ನೋಡಲೇಬೇಕು.

ಕಾನೂನೂ ಗೊತ್ತಿರಲಿ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದೆ ಮೂಲ ರೂಪದಲ್ಲಿರುವ ಕಾರು ‘ವಿಂಟೇಜ್’ ಎನಿಸಿಕೊಳ್ಳುತ್ತದೆ. ಚಕ್ರ ಬದಲಿಸುವಾಗಲೂ ಆ ಮಾದರಿಗೆ ಕಂಪನಿಯೇ ಕೊಡುತ್ತಿದ್ದ ಅಳತೆಯನ್ನು ಮೀರದಿರುವುದು ಒಳ್ಳೆಯದು.

ಸ್ಪೋಕ್ಸ್ ಚಕ್ರದ ಚೆಲುವಿಗೆ ಮನಸೋಲದವರು ಕಡಿಮೆ. ಆ ಚೆಲುವು ರಸ್ತೆಯಲ್ಲಿ ಬಾಳಿಕೆ ಬರುವುದು ಬಿಗಿತದ ಹದ ಬಲ್ಲ ಕೈಯಿಂದ. ಅಲಾಯ್ ಚಕ್ರಗಳ ಈ ಕಾಲದಲ್ಲಿ ಅಂಥ ಕೈಗಳು ಕಡಿಮೆಯಾಗುತ್ತಿವೆ. ನಮ್ಮ ಊರುಗಳ ಹುಡುಗರು ಅದನ್ನು ಸೈಕಲ್ ಶಾಪಿನಲ್ಲೇ ಕಲಿಯಬಹುದು, ಕಲಿಯಬೇಕು.