44ನೇ ತಿದ್ದುಪಡಿ ಮತ್ತು ನಮ್ಮ ಚಿಕ್ಕಮಗಳೂರು

ಬಿಇ ಓದುವ ನಮಗೆಲ್ಲ ಸಂವಿಧಾನ ಎಂದರೆ ಒಂದು ಕ್ರೆಡಿಟ್‌ನ ಪೇಪರ್. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಿ ಎದ್ದು ಬಂದರೆ ಮುಗಿಯಿತು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಓದುತ್ತಿರುವ ಗೆಳೆಯರಿಗೆ ಅದು ಇನ್ನೂ ಉದ್ದದ ಪಟ್ಟಿ. 42ನೇ ತಿದ್ದುಪಡಿ 1976, 44ನೇ ತಿದ್ದುಪಡಿ 1978, 61ನೆಯದು ಮತದಾನದ ವಯಸ್ಸು, 86ನೆಯದು ಶಿಕ್ಷಣದ ಹಕ್ಕು. ಇಸವಿಗಳು ಬಾಯಿಗೆ ಬರುತ್ತವೆ. ಆ ಇಸವಿಯಲ್ಲಿ ಯಾರಿಗೆ ಏನಾಯಿತು, ತಿದ್ದುಪಡಿ ಯಾಕೆ ಬೇಕಾಯಿತು ಎಂಬುದು ಮಾತ್ರ ಗೈಡ್‌ಗಳಲ್ಲಿ ಸಿಗುವುದಿಲ್ಲ.

ಆ ಪಟ್ಟಿಯಲ್ಲಿ 44ನೆಯದರ ಬಗ್ಗೆ ನಾನಿಲ್ಲಿ ಬರೆಯಬೇಕೆಂದಿದ್ದೇನೆ. ಅದು ಬದುಕುವ ಹಕ್ಕನ್ನು ಕಾಪಾಡುವ ತಿದ್ದುಪಡಿ. ಅದರ ಕಥೆಯಲ್ಲಿ ಅಮೆರಿಕವಿದೆ, ಮಂಗಳೂರಿದೆ, ಬೆಂಗಳೂರಿನ ಜೈಲಿದೆ, ಜೊತೆಗೆ ನಮ್ಮ ಕಾಫಿ ಬೆಟ್ಟಗಳೂ ಇವೆ.

ಅಲ್ಲಿ ಸೇರಿಸಿದರು

ಅಮೆರಿಕದವರು 1787ರಲ್ಲಿ ಸಂವಿಧಾನ ಬರೆದಾಗ ಅದರಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಹೊಸ ಸರ್ಕಾರಕ್ಕೆ ಇಷ್ಟು ಅಧಿಕಾರ ಕೊಟ್ಟ ಮೇಲೆ ನಮಗೇನು ರಕ್ಷಣೆ ಎಂದು ಜನ ಕೇಳಿದರು. ಅದರ ಫಲವಾಗಿ 1791ರಲ್ಲಿ ಒಟ್ಟಿಗೆ ಹತ್ತು ತಿದ್ದುಪಡಿಗಳು ಬಂದವು. ಮಾತನಾಡುವ ಹಕ್ಕು, ಕಾರಣವಿಲ್ಲದೆ ಮನೆ ಶೋಧಿಸದಂತೆ ರಕ್ಷಣೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು, ಎಲ್ಲವೂ ತಿದ್ದುಪಡಿಯಾಗಿಯೇ ಬಂದದ್ದು. ಗುಲಾಮಗಿರಿ ಹೋದದ್ದು 1865ರ 13ನೇ ತಿದ್ದುಪಡಿಯಿಂದ. ಹಾಗಾಗಿ ಅಲ್ಲಿಯವರು ತಮ್ಮ ಹಕ್ಕನ್ನು ತಿದ್ದುಪಡಿಯ ಸಂಖ್ಯೆಯಿಂದಲೇ ಕರೆಯುತ್ತಾರೆ. ಪೊಲೀಸರ ಎದುರು ಮೌನವಾಗಿರುವುದಕ್ಕೆ ಅವರು ಹೇಳುವ ಹೆಸರು ‘ಐದನೇ ತಿದ್ದುಪಡಿ’.

ಅದೇ ಐದನೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ‘ಡ್ಯೂ ಪ್ರೋಸೆಸ್’, ಅಂದರೆ ನ್ಯಾಯಯುತ ಪ್ರಕ್ರಿಯೆ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯುವಂತಿಲ್ಲ. 1868ರ 14ನೇ ತಿದ್ದುಪಡಿ ಈ ಕಟ್ಟನ್ನು ಅಲ್ಲಿನ ರಾಜ್ಯಗಳಿಗೂ ವಿಸ್ತರಿಸಿತು.

ನಮ್ಮಲ್ಲಿ ಹಾಗಲ್ಲ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗಲೇ ಮೂಲಭೂತ ಹಕ್ಕುಗಳು ಅದರೊಳಗಿದ್ದವು. ತಿದ್ದುಪಡಿ ಎಂಬುದು ಇಲ್ಲಿ ಕೆಲವೊಮ್ಮೆ ಹಕ್ಕನ್ನು ಕೊಟ್ಟಿದೆ, ಕೆಲವೊಮ್ಮೆ ಕತ್ತರಿಸಿದೆ.

ಮಂಗಳೂರಿನ ಬಿ.ಎನ್. ರಾವ್

ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು ಬೆನಗಲ್ ನರಸಿಂಗ ರಾವ್. ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರೋಸೆಸ್’ ಎಂಬ ಮಾತನ್ನು ಹಿಡಿದುಕೊಂಡು ನ್ಯಾಯಾಧೀಶರು ಸರ್ಕಾರದ ಸುಧಾರಣೆಯ ಕಾನೂನುಗಳನ್ನೇ ಹೊಡೆದುಹಾಕಬಹುದು ಎಂಬುದು ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ. ಕೊನೆಗೆ ನಮ್ಮ 21ನೇ ವಿಧಿಗೆ ಆ ಮಾತು ಬರಲಿಲ್ಲ. ‘ಕಾನೂನು ಗೊತ್ತುಪಡಿಸಿದ ವಿಧಾನ’ದ ಹೊರತು ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂಬ ಮಾತು ಬಂತು.

ಎರಡಕ್ಕೂ ಏನು ವ್ಯತ್ಯಾಸ ಎನಿಸಬಹುದು. ಮೊದಲನೆಯದು ಕಾನೂನು ನ್ಯಾಯವಾಗಿದೆಯೇ ಎಂದು ಕೇಳುತ್ತದೆ. ಎರಡನೆಯದು ಕಾನೂನು ಇದೆಯೇ ಎಂದಷ್ಟೇ ಕೇಳುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು 25 ವರ್ಷಗಳ ನಂತರ ಗೊತ್ತಾಯಿತು.

ಜೈಲಿನಿಂದ ಬಂದ ಅರ್ಜಿ

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನವೇ ಬಂಧನಕ್ಕೊಳಗಾದರು. ನಮ್ಮನ್ನು ಯಾಕೆ ಹಿಡಿದಿದ್ದೀರಿ ಎಂದು ಕೇಳಲು ಅವರು ಕರ್ನಾಟಕ ಹೈಕೋರ್ಟ್‌ಗೆ ಅರ್ಜಿ ಹಾಕಿದರು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಅಮಾನತಿನಲ್ಲಿದೆ, ಆದ್ದರಿಂದ ಅರ್ಜಿಯೇ ನಿಲ್ಲುವುದಿಲ್ಲ ಎಂದು ಸರ್ಕಾರ ವಾದಿಸಿತು. ಅರ್ಜಿ ಕೇಳಬಹುದು ಎಂದಿತು ನಮ್ಮ ಹೈಕೋರ್ಟ್. ದೇಶದ ಒಟ್ಟು ಒಂಬತ್ತು ಹೈಕೋರ್ಟ್‌ಗಳು ಹೀಗೇ ಹೇಳಿದವು.

ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಎಡಿಎಂ ಜಬಲ್‌ಪುರ ಪ್ರಕರಣ ಎಂದು ನಾವು ಓದುವುದು ಇದನ್ನೇ. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರ ಇಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬರ್ಥದ ಉತ್ತರವನ್ನೇ ಸರ್ಕಾರದ ಅಟಾರ್ನಿ ಜನರಲ್ ಕೊಟ್ಟರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಮಾತನ್ನೇ ಒಪ್ಪಿದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದ್ದಾಗಿತ್ತು, ಅದು ಅವರ ಕೈತಪ್ಪಿತು. ಅತ್ತ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

1976ರ 42ನೇ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂವಿಧಾನದ ತಿದ್ದುಪಡಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂದಿತು.

ಚಿಕ್ಕಮಗಳೂರಿನ ಸಂಸದೆ

1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಸ್ಥಾನವನ್ನು ಬಿಟ್ಟುಕೊಟ್ಟರು. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಜನತಾ ಸರ್ಕಾರ ತಂದಿದ್ದ 44ನೇ ತಿದ್ದುಪಡಿಗೆ ಮರುತಿಂಗಳು, ಡಿಸೆಂಬರ್‌ನಲ್ಲಿ, ಸಂಸತ್ತಿನ ಅಂತಿಮ ಒಪ್ಪಿಗೆ ಸಿಕ್ಕಿತು. ಇನ್ನೊಂದು ತುರ್ತು ಪರಿಸ್ಥಿತಿಯ ಬಾಗಿಲು ಮುಚ್ಚುವ ಆ ಹೊತ್ತಿನಲ್ಲಿ ಲೋಕಸಭೆಯಲ್ಲಿ ನಮ್ಮ ಬೆಟ್ಟಗಳ ಪ್ರತಿನಿಧಿಯಾಗಿದ್ದವರು ಹಿಂದಿನ ತುರ್ತು ಪರಿಸ್ಥಿತಿಯ ಪ್ರಧಾನಿ. ಅದೇ ತಿಂಗಳು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಉಚ್ಚಾಟಿಸಿ ಕೆಲ ದಿನ ತಿಹಾರ್ ಜೈಲಿಗೂ ಕಳಿಸಿತು.

ಕಳಸದ ಕಡೆಯ ನಮ್ಮಜ್ಜಿ ಆ ಚುನಾವಣೆಯಲ್ಲಿ ಓಟು ಹಾಕಿದವರು. ಮತದಾನಕ್ಕೆ 21 ತುಂಬಬೇಕಿದ್ದ ಕಾಲ ಅದು, ಅಜ್ಜಿಗೆ ಆಗಷ್ಟೇ ತುಂಬಿತ್ತು. ಅಷ್ಟೊಂದು ಜನರನ್ನು ಜೈಲಿಗೆ ಹಾಕಿದವರಿಗೇ ಓಟು ಹಾಕಿದ್ರಾ ಎಂದು ಕೇಳಿದೆ. “ಜೈಲಿಗೆ ಹೋದವರು ನಮಗ್ಯಾರೂ ಗೊತ್ತಿರ್ಲಿಲ್ಲ ಮಗಾ. ಗೇಣಿಗೆ ಮಾಡ್ತಿದ್ದ ಗದ್ದೆ ನಮ್ಮ ಹೆಸರಿಗೆ ಬಂತು. ಅದು ಗೊತ್ತಿತ್ತು” ಎಂದರು.

ಅಜ್ಜಿಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಭೂಮಿ ಇಲ್ಲದವರಿಗೆ ಭೂಮಿ ಸಿಕ್ಕಿದ್ದು ದೊಡ್ಡ ಸಂಗತಿಯೇ. ಆದರೆ ಗದ್ದೆ ಕೊಟ್ಟ ಸರ್ಕಾರವೇ ಒಂದು ರಾತ್ರಿ ಬಾಗಿಲು ಬಡಿದು ಮನೆಯವರನ್ನು ಕರೆದೊಯ್ದರೆ ಏನು ಗತಿ? ಈ ಪ್ರಶ್ನೆಗೆ ಉತ್ತರವೇ 44ನೇ ತಿದ್ದುಪಡಿ.

ತೋಟವೂ ಲೈನ್ ಮನೆಯೂ

ಅದು ಮಾಡಿದ ಮುಖ್ಯ ಕೆಲಸ ಇದು: ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು 21ರಲ್ಲಿದೆ. ಒಂದೇ ತಪ್ಪಿಗೆ ಎರಡು ಬಾರಿ ಶಿಕ್ಷೆ ಇಲ್ಲ, ತನ್ನ ವಿರುದ್ಧ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ ಎಂಬುದು 20ರಲ್ಲಿದೆ. ‘ಆಂತರಿಕ ಗೊಂದಲ’ ಎಂಬ ಸಡಿಲ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಹೇರುವುದಕ್ಕೂ ಇನ್ನು ಅವಕಾಶವಿಲ್ಲ. ‘ಸಶಸ್ತ್ರ ಬಂಡಾಯ’ವೇ ಆಗಬೇಕು, ಸಂಪುಟದ ಲಿಖಿತ ಸಲಹೆ ಬೇಕು, ಒಂದು ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತದ ಒಪ್ಪಿಗೆ ಬೇಕು.

ಇದೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು, 300ಎ ವಿಧಿಯಡಿ ಸಾಮಾನ್ಯ ಕಾನೂನಾತ್ಮಕ ಹಕ್ಕಾಗಿ ಇಟ್ಟಿತು. ಅಮೆರಿಕದ ಐದನೇ ತಿದ್ದುಪಡಿ ಜೀವ, ಸ್ವಾತಂತ್ರ್ಯ, ಆಸ್ತಿ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ನಾವು ಬೇರ್ಪಡಿಸಿದೆವು. ಮೂಡಿಗೆರೆ, ಕಳಸದಂಥ ಕಡೆ ಇದರ ಅರ್ಥ ಬೇಗ ತಿಳಿಯುತ್ತದೆ. ಇಲ್ಲಿ ನೂರಾರು ಎಕರೆ ತೋಟದ ಪಹಣಿ ಇರುವವರಿದ್ದಾರೆ, ಲೈನ್ ಮನೆಯಲ್ಲಿ ಎರಡು ಬ್ಯಾಗ್ ಬಿಟ್ಟರೆ ಏನೂ ಇಲ್ಲದವರಿದ್ದಾರೆ. ಎರಡನೆಯವರ ಹತ್ತಿರ ಇರುವ ಒಂದೇ ಒಂದು ಆಸ್ತಿ ಅವರ ದೇಹ. ಸಂವಿಧಾನ ಈಗ ಎಲ್ಲಕ್ಕಿಂತ ಗಟ್ಟಿಯಾಗಿ ಕಾಯುವುದು ಅದನ್ನು.

ಮುಂದೊಂದು ದಿನ ಇನ್ನೊಂದು ತಿದ್ದುಪಡಿ ತಂದು ಇದನ್ನೂ ಅಳಿಸಿದರೆ? ಅದಕ್ಕೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಪ್ರಕರಣದಲ್ಲಿ ಉತ್ತರವಿದೆ. ಮಠದ ಜಮೀನಿಗಾಗಿ ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋಗಿದ್ದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರಿಂದ ತೀರ್ಪು ಕೊಟ್ಟಿತು. 42ನೇ ತಿದ್ದುಪಡಿ ಮುಚ್ಚಿದ್ದ ಕೋರ್ಟಿನ ಬಾಗಿಲು 1980ರಲ್ಲಿ ಮತ್ತೆ ತೆರೆದದ್ದು ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ.

ಕಣದಲ್ಲಿ ಕಾಣೆಯಾದ ಮೂಟೆ

ಇದೆಲ್ಲ ದೊಡ್ಡ ಕೋರ್ಟು, ದೊಡ್ಡ ನಾಯಕರ ಕಥೆ ಎನಿಸಿದರೆ ನಮ್ಮ ಕಡೆಯ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಕಾಫಿಗೆ ಬೆಲೆ ಏರಿದಾಗಿನಿಂದ ಕಣಗಳಲ್ಲಿ ರಾತ್ರಿ ಕಾವಲು, ಸಿಸಿಟಿವಿ ಎಲ್ಲ ಬಂದಿದೆ. ಕಳೆದ ಕೊಯ್ಲಿನಲ್ಲಿ ಒಂದು ತೋಟದ ಕಣದಿಂದ ಮೂರು ಮೂಟೆ ಒಣ ರೊಬಸ್ಟಾ ಕಾಣೆಯಾಯಿತು. ಅಸ್ಸಾಂನಿಂದ ಕೆಲಸಕ್ಕೆ ಬಂದಿದ್ದ ಹುಡುಗನ ಮೇಲೆ ಅನುಮಾನ ಬಂತು. ನನ್ನದೇ ವಯಸ್ಸಿನವನು. ಸಂಜೆ ಠಾಣೆಗೆ ಕರೆದೊಯ್ದರು. ರಾತ್ರಿ ಕಳೆದರೂ ಅವನು ಬರಲಿಲ್ಲ. ಕೇಸು ದಾಖಲಾಗಿದೆಯೇ ಎಂದು ಕೇಳೋಣವೆಂದರೆ ಲೈನ್‌ನಲ್ಲಿದ್ದ ಅವನ ಅಣ್ಣನಿಗೆ ಕನ್ನಡ ಬಾರದು.

ಎಲ್‌ಎಲ್‌ಬಿ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗಳು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿಗೆ ಫೋನ್ ಮಾಡಿದಳು. ಅಲ್ಲಿಂದ ಒಬ್ಬ ವಕೀಲರ ಸಂಪರ್ಕ ಸಿಕ್ಕಿತು. ಅವರು ಠಾಣೆಗೆ ಕರೆ ಮಾಡಿ ಜಗಳವಾಡಲಿಲ್ಲ, ಮೂರೇ ಪ್ರಶ್ನೆ ಕೇಳಿದರು. ಬಂಧಿಸಿದ್ದೀರಾ? ಯಾವ ಕಾರಣಕ್ಕೆ? ಎಷ್ಟು ಗಂಟೆಗೆ? ಬಂಧಿಸಿದ್ದರೆ 22ನೇ ವಿಧಿಯ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿಸಿಲ್ಲವಾದರೆ ಇಟ್ಟುಕೊಳ್ಳುವಂತಿಲ್ಲ. ಸಂಜೆಯೊಳಗೆ ಹುಡುಗ ಲೈನಿಗೆ ಮರಳಿದ. ಮೂಟೆ ಕದ್ದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಆದರೆ ಆ ಮೂರು ಪ್ರಶ್ನೆ ಕೇಳಲು ಅದು ಪತ್ತೆಯಾಗಬೇಕಾಗಿಯೂ ಇಲ್ಲ. ಕಳ್ಳನಾದರೂ ಅಲ್ಲದಿದ್ದರೂ ಹಕ್ಕು ಒಂದೇ.

ಇನ್ನೂ ಬಾಕಿ ಇದೆ

21ನೇ ವಿಧಿ ಈಗ 1950ರ ಹಾಗಿಲ್ಲ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ, ವಿಧಾನ ಇದ್ದರೆ ಸಾಲದು, ಅದು ನ್ಯಾಯಯುತವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾವ್ ಅವರ ಕಾಲದಲ್ಲಿ ಬಿಟ್ಟುಹೋಗಿದ್ದ ಅಮೆರಿಕದ ಮಾತು ಬೇರೆ ದಾರಿಯಲ್ಲಿ ಒಳಗೆ ಬಂತು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದಾಯಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವೂ ಮೂಲಭೂತ ಹಕ್ಕು ಎಂದರು. 1976ರ ಎಡಿಎಂ ಜಬಲ್‌ಪುರ ತೀರ್ಪು ತಪ್ಪು ಎಂದು ರದ್ದಾದದ್ದೂ ಅಲ್ಲೇ. 1976ರಲ್ಲಿ ಸರ್ಕಾರದ ಪರ ತೀರ್ಪು ಕೊಟ್ಟವರಲ್ಲೊಬ್ಬರು ವೈ.ವಿ. ಚಂದ್ರಚೂಡ್. 2017ರಲ್ಲಿ ಅದನ್ನು ತಳ್ಳಿಹಾಕಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಆದರೂ 44ನೇ ತಿದ್ದುಪಡಿ ಪೂರ್ತಿಯಾಗಿ ಜಾರಿಯಾಗಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿ ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಡಬಹುದಾದ ಅವಧಿಯನ್ನು ಎರಡಕ್ಕೆ ಇಳಿಸುವ ಭಾಗವೂ ಅದರಲ್ಲಿತ್ತು. ಸಂಸತ್ತು ಒಪ್ಪಿದೆ, ರಾಷ್ಟ್ರಪತಿಯ ಅಂಕಿತ ಬಿದ್ದಿದೆ. ಜಾರಿಯ ದಿನಾಂಕದ ಅಧಿಸೂಚನೆ ಮಾತ್ರ ಯಾವ ಪಕ್ಷದ ಸರ್ಕಾರದಿಂದಲೂ ಹೊರಬಂದಿಲ್ಲ.

ಪರೀಕ್ಷೆಗೆ ಓದುವ ಗೆಳೆಯರಲ್ಲಿ ನಾಳೆ ಕೆಲವರು ಪಿಎಸ್‌ಐ ಆಗುತ್ತೀರಿ, ಕೆಲವರು ತಹಶೀಲ್ದಾರ್ ಆಗುತ್ತೀರಿ. ಆಗ ಈ ವಿಧಿಗಳು ನಿಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತವೆ. ಉಳಿದ ನಾವು 15100 ಎಂಬ ಸಹಾಯವಾಣಿ ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳೋಣ. ಉಚಿತ ಕಾನೂನು ನೆರವು ಕೊಡುವ ಸಮಿತಿ ತಾಲ್ಲೂಕು ಕೋರ್ಟಿನಲ್ಲೇ ಇರುತ್ತದೆ. ಬಂಧಿಸಿದ್ದೀರಾ, ಯಾವ ಕಾರಣಕ್ಕೆ, ಎಷ್ಟು ಗಂಟೆಗೆ ಎಂದು ಕೇಳುವುದಕ್ಕೆ ಲಾ ಓದಿರಬೇಕಿಲ್ಲ. ಕನ್ನಡ ಬಾರದ ಯಾರದೋ ಪರವಾಗಿ ನಾವೂ ಕೇಳಬಹುದು.