ಫೋನಿನ ಬ್ಯಾರಕ್ಕೆ ಇಳಿಯುವ ಮುನ್ನ

ನಮ್ಮ ಹಿರಿಯರು ಬಂದರಿನ ಮಂಡಿಗಳಲ್ಲಿ, ದಕ್ಕೆಯಲ್ಲಿ ನಿಂತು ಮಾಡಿದ ಬ್ಯಾರವನ್ನೇ ಈಗ ಮಕ್ಕಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾಡುತ್ತಿದ್ದಾರೆ. ಇನ್‌ಸೈಡ್ ಸೇಲ್ಸ್, ಬಿಸಿನೆಸ್ ಡೆವಲಪ್‌ಮೆಂಟ್ ಅಂತ ಹೆಸರು ಮಾತ್ರ ಉದ್ದ. "ಏನು ಕೆಲಸ ಮಗಾ?" ಎಂದರೆ "ಬಿಡಿಇ" ಅನ್ನುತ್ತಾರೆ. ಉಮ್ಮನಿಗೆ ಗೊತ್ತಿರುವುದು ಬಿಡಿಒ ಆಫೀಸು!

ಕಂಪೆನಿ ಕೊಟ್ಟ ಪಟ್ಟಿ ಹಿಡಿದು ದಿನವಿಡೀ ಕರೆ ಮಾಡಬೇಕು. ಹೆಚ್ಚಿನವರು "ಬೇಡ" ಅನ್ನುತ್ತಾರೆ, ಕೆಲವರು ಬೈಯುತ್ತಾರೆ. ತಿಂಗಳ ಕೊನೆಗೆ ಟಾರ್ಗೆಟ್. ಆದರೆ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಜೊತೆಗೆ ಅಷ್ಟಿಷ್ಟು ಮಲಯಾಳಂ, ಹಿಂದಿ ಬರುವ ನಮ್ಮ ಮಕ್ಕಳಿಗೆ ಇಲ್ಲಿ ದೊಡ್ಡ ಬಂಡವಾಳವೇ ಇದೆ. ಗಿರಾಕಿ ಅವನ ಭಾಷೆಯಲ್ಲಿ ಮಾತು ಕೇಳಿದರೆ ಫೋನ್ ಇಡುವುದಿಲ್ಲ. ಹೊರಗೆ ಹೋಗಿ ದುಡಿಯಲಾಗದ ಹೆಣ್ಣುಮಕ್ಕಳಿಗೂ ಮನೆಯಿಂದಲೇ ಮಾಡಬಹುದಾದ ಕೆಲಸ. ಹಾಗಾಗಿ ಇದನ್ನು ಹಗುರವಾಗಿ ಕಾಣುವುದು ಬೇಡ.

ಸೇರುವ ಮೊದಲು ಖಚಿತ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು ಎಂದು ಬರಹದಲ್ಲಿ ಕೇಳಿ. "ಟ್ರೈನಿಂಗ್‌ಗೆ ಡೆಪಾಸಿಟ್ ಕಟ್ಟಿ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಇನ್ನೊಂದು ಮಾತು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರ್‌ಗಳಿವೆ. ಸ್ವಂತ ಸಿಮ್‌ನಿಂದ ಕರೆ ಮಾಡಿಸಿ, ಜನ 1909ಕ್ಕೆ ದೂರು ಕೊಟ್ಟರೆ, ಕಡಿತವಾಗುವುದು ಕಂಪೆನಿಯ ಲೈನ್ ಅಲ್ಲ, ನಿಮ್ಮ ಹುಡುಗನ ನಂಬರ್. ನೋಂದಣಿ ಇಲ್ಲದೆ ಇಂಥ ಕರೆ ಮಾಡುವವರ ಸಂಪರ್ಕ ಕಡಿದು, 2 ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಲು ಟ್ರಾಯ್ 2024ರ ಆಗಸ್ಟ್‌ನಲ್ಲೇ ಸೂಚಿಸಿದೆ.

ಇನ್ನು ವಿದೇಶದ ಮಾತು. ಗಲ್ಫ್‌ಗೆ ಹೋಗಿ ಬಂದು ನಮಗೆ ವೀಸಾ, ಏಜೆಂಟು ಎಲ್ಲ ಗೊತ್ತು ಅಂದುಕೊಂಡಿದ್ದೇವೆ. ಥೈಲ್ಯಾಂಡಿನಲ್ಲಿ 'ಡಿಜಿಟಲ್ ಸೇಲ್ಸ್ ಆಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್' ಕೆಲಸ ಎಂಬ ಆಮಿಷದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತ್ತು. ನಂಬಿ ಹೋದವರನ್ನು ಗಡಿ ದಾಟಿಸಿ, ಹೆಚ್ಚಾಗಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ ದುಡಿಸಲಾಗುತ್ತಿತ್ತು. ಆಮಿಷ ಒಡ್ಡಿದ ಏಜೆಂಟರಲ್ಲಿ ದುಬೈಯವರೂ ಇದ್ದರು, ಊರಿನವರೂ ಇದ್ದರು. ಫೋನಿನಲ್ಲಿ ಜನರನ್ನು ವಂಚಿಸುವ, ಕ್ರಿಪ್ಟೊ ಹೆಸರಲ್ಲಿ ಹಣ ದೋಚುವ ಕಂಪೆನಿಗಳವು.

"ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿಮಾಡುವ" ಎಂದು ಯಾರಾದರೂ, ಅದು ಸಂಬಂಧಿಕರೇ ಆಗಿರಲಿ, ಹೇಳಿದರೆ ಪಾಸ್‌ಪೋರ್ಟ್ ಕೈಗೆ ಕೊಡುವ ಮುಂಚೆ ಇ-ಮೈಗ್ರೇಟ್ ತಾಣದಲ್ಲಿ ಆ ಏಜೆಂಟನ ಹೆಸರಿದೆಯೇ ನೋಡಿ. ನೋಡಲು ಐದು ನಿಮಿಷ ಸಾಕು, ಮನೆಯ ಯಾವ ಹುಡುಗಿಯಾದರೂ ಮೊಬೈಲಿನಲ್ಲೇ ನೋಡಿಕೊಟ್ಟಾಳು.